ಹಿಂದಿನ ಚಕ್ರ ಏನಂತಿದೆ? ಒಂದು ಹಳೇ ಅಂಬಾಸಿಡರ್‌ನ ಸದ್ದು ಹುಡುಕಿದ ಪಾಠ

"ಸದ್ದು ಬರ್ತಿದೆ ಅಣ್ಣ."

"ಯಾವ ಥರ ಸದ್ದು?"

"ನಾಯ್ಸ್ ಅಣ್ಣ. ಹಿಂದೆಯಿಂದ."

"ಅಲ್ರಪ್ಪಾ, ಅದನ್ನೇ ಕೇಳ್ತಿರೋದು. ಗುಂಯ್ ಅಂತಾ? ಗರಗರ ಅಂತಾ? ಕಿರ್ ಅಂತಾ, ಟಕ್ ಅಂತಾ?"

ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಮೆಕ್ಯಾನಿಕಲ್ ಮೂರನೇ ಸೆಮಿಸ್ಟರ್ ಮುಗಿಸಿ ಬಂದವರು ನಾವು. ವೈಬ್ರೇಶನ್ ಅಂದ್ರೆ ಸಮೀಕರಣ ಬರೀತೀವಿ. ಆದ್ರೆ ನಾವು ಕೇಳಿದ ಸದ್ದಿಗೆ ಹೆಸರಿಡೋಕೆ ನಮ್ಮ ಹತ್ರ 'ನಾಯ್ಸ್' ಅನ್ನೋ ಒಂದೇ ಪದ ಇತ್ತು. ಎಂಟನೇ ಕ್ಲಾಸಿನ ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಎರಡು ಮಾರ್ಕಿಗೆ ಓದಿದ್ದೆವಲ್ಲ, ಪಟಪಟ, ಧಗಧಗ, ಸರಸರ ಅಂತ? ಅದು ಗ್ಯಾರೇಜಿನಲ್ಲಿ ಕೆಲಸಕ್ಕೆ ಬರೋ ಸಾಮಾನು ಅಂತ ಆವತ್ತು ಗೊತ್ತಾಯ್ತು.

ಕಾರು ನಮ್ಮಲ್ಲೊಬ್ಬನ ತಾತನದು. 1986ರ ಅಂಬಾಸಿಡರ್, ಮಾರ್ಕ್ 4. ತಾತ ಸಕಲೇಶಪುರದಲ್ಲಿ ಟ್ಯಾಕ್ಸಿ ಓಡಿಸ್ತಿದ್ದವರು. ಶಿರಾಡಿ ಘಾಟಿಯ ತಿರುವುಗಳು ಅವರಿಗೆ ಮನೆ ಮೆಟ್ಟಿಲಿದ್ದ ಹಾಗೆ. ಈಗ ಕಿವಿ ಸರಿಯಾಗಿ ಕೇಳಿಸಲ್ಲ, ಓಡಿಸೋದು ಬಿಟ್ಟಿದ್ದಾರೆ. ಕಾರು ಮೂರು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ರಜೆಯಲ್ಲಿ ಅದನ್ನು ರೆಡಿ ಮಾಡಿ, ತಾತನನ್ನು ಅದರಲ್ಲೇ ಕೂರಿಸಿಕೊಂಡು ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬರೋದು ಅಂತ ನಮ್ಮ ಪ್ಲಾನು. ಎಂಜಿನ್ ಎರಡು ದಿನದಲ್ಲಿ ಸ್ಟಾರ್ಟ್ ಆಯ್ತು, ಅದರ ಕಥೆ ಇನ್ನೊಂದು ಸಲ. ತೊಂದರೆ ಶುರುವಾಗಿದ್ದು ಹಿಂದುಗಡೆ.

ಮೊದಲು ಈ ಹಿಂದುಗಡೆಯ ಪರಿಚಯ ಮಾಡ್ಕೊಳ್ಳೋಣ, ಯಾಕಂದ್ರೆ ನಮ್ಮ ಮನೆಗಳ ಈಗಿನ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತೆ. ಅಂಬಾಸಿಡರ್ ಹಾಗಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧರಿಸಿ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1958ರಿಂದ 2014ರ ತನಕ ತಯಾರಾದ ಗಾಡಿ ಇದು. ಗೇರ್‌ಬಾಕ್ಸಿನಿಂದ ಉದ್ದದ ಪ್ರೊಪೆಲ್ಲರ್ ಶಾಫ್ಟು ಹಿಂದಕ್ಕೆ ಹೋಗುತ್ತೆ. ಅದರ ತುದಿಯ ಪಿನಿಯನ್ ಅನ್ನೋ ಸಣ್ಣ ಗೇರು ಕ್ರೌನ್ ವೀಲ್ ಅನ್ನೋ ದೊಡ್ಡ ಗೇರನ್ನು ತಿರುಗಿಸುತ್ತೆ. ಅಲ್ಲಿಂದ ಡಿಫರೆನ್ಷಿಯಲ್ ಮೂಲಕ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಶಾಫ್ಟು. ಇಷ್ಟೂ ಒಂದೇ ಕಬ್ಬಿಣದ ಹೌಸಿಂಗ್ ಒಳಗೆ ಗೇರ್ ಆಯಿಲ್‌ನಲ್ಲಿ ಮುಳುಗಿರುತ್ತೆ. ಆ ಹೌಸಿಂಗನ್ನು ಲೀಫ್ ಸ್ಪ್ರಿಂಗ್‌ಗಳಿಗೆ ಯು-ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಎರಡೂ ತುದಿಗಳಲ್ಲಿ ಬೇರಿಂಗು, ಆಯಿಲ್ ಸೀಲು, ಆಮೇಲೆ ಬ್ರೇಕ್ ಡ್ರಮ್ಮು.

ಗಮನಿಸಿ, ಎಣ್ಣೆ ಇರೋ ಜಾಗಕ್ಕೂ ಎಣ್ಣೆ ತಾಗಲೇಬಾರದ ಬ್ರೇಕಿಗೂ ಮಧ್ಯೆ ಇರೋದು ಒಂದು ಸೀಲು ಮಾತ್ರ. ನಮ್ಮ ಇಡೀ ಕಥೆ ಆ ಸೀಲಿನದು. ಆದ್ರೆ ಅಲ್ಲಿಗೆ ತಲುಪೋಕೆ ನಮಗೆ ಹತ್ತು ದಿನ ಬೇಕಾಯ್ತು.

ಮೊದಲ ದಿನ ಕಾರು ತಂದಾಗ ಎರಡು ಸದ್ದು ಇತ್ತು. ಬ್ರೇಕ್ ಒತ್ತಿದಾಗ ಹಿಂದಿನ ಎರಡೂ ಕಡೆ 'ಕಿರ್ರ್'. ಮೂವತ್ತು ಕಿಲೋಮೀಟರ್ ವೇಗ ದಾಟಿದ ಮೇಲೆ 'ಗುಂಯ್'. ಊರಲ್ಲಿ ಗೊತ್ತಿದ್ದವರೊಬ್ಬರು ಒಂದು ರೌಂಡ್ ಕೂತು ಬಂದು, "ಕ್ರೌನ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು" ಅಂದ್ಬಿಟ್ರು. ಅವರು ಹೇಳಿದ ಮೊತ್ತ ನಮ್ಮ ನಾಲ್ವರ ಜೇಬು ಸೇರಿಸಿದ್ರೂ ಸಾಲ್ತಿರಲಿಲ್ಲ. ದುಡ್ಡು ಹೊಂದಿಸೋ ತನಕ ಕಿರ್ ಸದ್ದನ್ನಾದ್ರೂ ನಿಲ್ಲಿಸೋಣ ಅಂತ ಯಾವುದೋ ವಿಡಿಯೋ ನೋಡಿ ನಾವೇ ಬ್ರೇಕ್ ಅಡ್ಜಸ್ಟರ್ ತಿರುಗಿಸಿದೆವು. ಅರವತ್ತು ಕಿಲೋಮೀಟರ್ ಓಡಿಸೋದ್ರೊಳಗೆ ಎಡಗಡೆಯ ಕಿರ್ ಪೂರ್ತಿ ನಿಂತೇ ಹೋಯ್ತು. ಬಲಗಡೆ ಮಾತ್ರ ಹಾಗೇ ಇತ್ತು. "ಒಂದು ಕಡೆ ಸರಿ ಮಾಡಿದ್ವಿ, ಇನ್ನೊಂದು ಕಡೆ ನಾಳೆ" ಅಂತ ಕೈಗೆ ಕೈ ತಟ್ಟಿಕೊಂಡೆವು. ಈ ಸಾಲು ನೆನಪಿಟ್ಟುಕೊಳ್ಳಿ.

ಸದ್ದಿಗೆ ಹೆಸರಿಡೋದು

ಮೇಸ್ತ್ರಿ ಅಣ್ಣ ನಮಗೆ ಹೇಳಿಕೊಟ್ಟ ಪಟ್ಟಿ ಹೆಚ್ಚೂಕಡಿಮೆ ಹೀಗಿತ್ತು. 'ಗುಂಯ್' ಅಂದ್ರೆ ಒಂದೇ ಶ್ರುತಿಯ ಸದ್ದು, ವೇಗದ ಜೊತೆ ಏರುತ್ತೆ, ಇಳಿಯುತ್ತೆ: ಗೇರಿನ ಹಲ್ಲು ಅಥವಾ ಟೈರು. 'ಗರಗರ', 'ಗೊರಗೊರ' ಅಂದ್ರೆ ಶ್ರುತಿ ಇಲ್ಲದ, ರಾಗಿ ಬೀಸೋ ಥರದ ಸದ್ದು: ಬೇರಿಂಗು. ಚಕ್ರ ಒಂದು ಸುತ್ತು ಬಂದಾಗ ಒಂದು ಸಲ 'ಸರ್' ಅಂದ್ರೆ ಡ್ರಮ್ಮು ದುಂಡಗಿಲ್ಲ, ಇಲ್ಲಾ ತುಕ್ಕು ಒಂದೇ ಕಡೆ ಕಟ್ಟಿದೆ. ಬ್ರೇಕ್ ಒತ್ತಿದಾಗ 'ಕಿರ್ರ್' ಅಂದ್ರೆ ಲೈನರ್ ಗಾಜಿನ ಹಾಗೆ ನುಣುಪಾಗಿದೆ, ಅಥವಾ ಧೂಳು ತುಂಬಿದೆ. ಅದೇ ಕಿರ್ ಕರ್ಕಶವಾಗಿ 'ಕರ್ರ್' ಅಂದ್ರೆ ತಕ್ಷಣ ನಿಲ್ಲಿಸಿ, ಲೈನರ್ ಸವೆದು ರಿವೆಟ್ಟೋ ಶೂನ ಕಬ್ಬಿಣವೋ ಡ್ರಮ್ಮಿಗೆ ತಾಗ್ತಿದೆ. ಕ್ಲಚ್ ಬಿಟ್ಟ ಕೂಡಲೇ ಒಂದೇ ಒಂದು 'ಟಕ್' ಅಂದ್ರೆ ಎಲ್ಲೋ ಸಡಿಲ ಇದೆ: ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಯು-ಬೋಲ್ಟು, ಇಲ್ಲಾ ಗೇರಿನ ಹಲ್ಲುಗಳ ನಡುವಿನ ಸಂದು.

ಈಗ ನಮ್ಮ ಸದ್ದು ಯಾವುದು? ನಾಲ್ವರಲ್ಲಿ ಇಬ್ಬರು ಗುಂಯ್ ಅಂದ್ರು, ಒಬ್ಬ ಗರಗರ ಅಂದ, ಇನ್ನೊಬ್ಬ "ಎರಡೂ" ಅಂದ. ಕಿವಿಯ ಮೇಲೆ ವೋಟಿಂಗ್ ಮಾಡೋಕಾಗಲ್ಲ. ಹಾಗಾಗಿ ಲೆಕ್ಕಕ್ಕೆ ಕೂತೆವು.

ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದು ಸುತ್ತು ಕಾರನ್ನು ತಳ್ಳಿ ಅಳೆದೆವು: 2.06 ಮೀಟರ್. ಗಂಟೆಗೆ 40 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 11.1 ಮೀಟರ್. ಅಂದ್ರೆ ಚಕ್ರ ಸೆಕೆಂಡಿಗೆ ಸುಮಾರು 5.4 ಸುತ್ತು. ಸುತ್ತಿಗೊಂದು ಸಲ ಬರೋ ಸದ್ದು ಇದ್ದರೆ ಅದು ಸೆಕೆಂಡಿಗೆ ಐದಾರು ಸಲ ಕೇಳಬೇಕು, ಬೆರಳಲ್ಲಿ ತಾಳ ಹಾಕಬಹುದಾದಷ್ಟು ನಿಧಾನ. ನಮ್ಮದು ಅದಲ್ಲ.

ಮುಂದೆ ಕ್ರೌನ್. ಅದರ ಅನುಪಾತ ತಿಳಿಯೋಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಒಂದು ಹಿಂದಿನ ಚಕ್ರ ನೆಲದ ಮೇಲಿರಲಿ, ಇನ್ನೊಂದನ್ನು ಎತ್ತಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಡಿಫರೆನ್ಷಿಯಲ್ ಎರಡೂ ಚಕ್ರಗಳ ಸರಾಸರಿ ತೆಗೆಯುತ್ತೆ, ಒಂದು ಸೊನ್ನೆ, ಇನ್ನೊಂದು ಎರಡು, ಸರಾಸರಿ ಒಂದು. ಹಾಗಾಗಿ ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ಬರುತ್ತೋ ಅದೇ ಅನುಪಾತ. ಥಿಯರಿ ಆಫ್ ಮಷೀನ್ಸ್‌ನ ಎಪಿಸೈಕ್ಲಿಕ್ ಟೇಬಲ್ ಬಾಯಿಪಾಠ ಮಾಡೋದಕ್ಕಿಂತ ಇದು ಸಾವಿರ ಪಾಲು ವಾಸಿ. ನಮಗೆ ನಾಲ್ಕೂವರೆಗಿಂತ ಒಂಚೂರು ಜಾಸ್ತಿ ಬಂತು. ಪಿನಿಯನ್ನಿಗೆ 9 ಹಲ್ಲು, ಕ್ರೌನಿಗೆ 41 ಅಂತ ಹಿಡಿದ್ರೆ 4.55, ಸರಿಹೋಗುತ್ತೆ. ಹಾಗಿದ್ರೆ ಹಲ್ಲಿಗೆ ಹಲ್ಲು ತಾಗೋ ಆವರ್ತನ 5.4 ಗುಣಿಸು 41, ಸುಮಾರು 220 ಹರ್ಟ್ಸ್. ನಮ್ಮ ಕ್ಲಬ್ಬಿನ ಕೀಬೋರ್ಡಿನಲ್ಲಿ ನುಡಿಸಿ ಕೇಳಿದೆವು. ಕ್ರೌನ್ ಹಾಡೋದಾದ್ರೆ 40ರ ವೇಗದಲ್ಲಿ ಆ ಸ್ವರದಲ್ಲಿ ಹಾಡಬೇಕು.

ಬೇರಿಂಗಿಗೆ ಅಂಥ ಶುದ್ಧ ಸ್ವರ ಇಲ್ಲ. ಹೊರಗಿನ ರೇಸಿನಲ್ಲಿ ಒಂದು ಗುಳಿ ಬಿದ್ದಿದ್ರೆ, ಆ ಗುಳಿಯನ್ನು ಬಾಲುಗಳು ಸುತ್ತಿಗೆ ಸರಿಸುಮಾರು ಬಾಲುಗಳ ಸಂಖ್ಯೆಯ 0.4 ಪಟ್ಟು ಸಲ ತುಳಿಯುತ್ತವೆ ಅನ್ನೋದು ಅಂದಾಜು ಸೂತ್ರ. ಹತ್ತು ಬಾಲು ಅಂದ್ಕೊಂಡ್ರೆ ಸೆಕೆಂಡಿಗೆ ಇಪ್ಪತ್ತು ಚಿಲ್ಲರೆ ಪೆಟ್ಟು. ಪ್ರತಿ ಪೆಟ್ಟೂ ಸುತ್ತಲಿನ ಕಬ್ಬಿಣವನ್ನೆಲ್ಲ ಸಣ್ಣಗೆ ಬಾರಿಸುತ್ತೆ. ಕಿವಿಗೆ ಅದು ಗರಗರ.

ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸೋ ಆ್ಯಪ್ ಹಾಕಿ ಹಿಂದಿನ ಸೀಟಿನಲ್ಲಿ ಇಟ್ಟೆವು. ಗಾಳಿ, ಎಂಜಿನ್, ಕಿಟಕಿ ಗಾಜಿನ ಕಟಕಟ ಎಲ್ಲ ಸೇರಿ ಪರದೆ ಪೂರ್ತಿ ಹುಲ್ಲುಗಾವಲು. 220ರ ಹತ್ತಿರ ಎದ್ದು ಕಾಣೋ ಶಿಖರ ಯಾವುದೂ ಸಿಗಲಿಲ್ಲ. ಅಷ್ಟಕ್ಕೇ ಕ್ರೌನ್ ಸರಿ ಇದೆ ಅಂತ ಹೇಳೋಕಾಗಲ್ಲ, ಆದ್ರೆ ಅನುಮಾನ ಹುಟ್ಟೋಕೆ ಸಾಕಾಯ್ತು.

ರಸ್ತೆಯಲ್ಲಿ ಮಾಡಿದ ಪರೀಕ್ಷೆ

ಇಲ್ಲಿ ಅಣ್ಣ ಹಾಕಿದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಖಾಲಿ, ನೇರ, ಸಮತಟ್ಟಾದ ರಸ್ತೆ. ಓಡಿಸಿದ್ದು ಅಣ್ಣನೇ, ನಾವು ಕಿವಿ ಮಾತ್ರ.

ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸದ್ದು ಬದಲಾಗುತ್ತಾ? ಗೇರಿನ ಹಲ್ಲು ಎಂಜಿನ್ ಎಳೆಯುವಾಗ ಒಂದು ಮುಖದಲ್ಲಿ ತಾಗುತ್ತೆ, ಕಾಲು ತೆಗೆದಾಗ ಇನ್ನೊಂದು ಮುಖದಲ್ಲಿ. ಹಾಗಾಗಿ ಕ್ರೌನಿನ ತೊಂದರೆ ಇದ್ರೆ ಸಾಮಾನ್ಯವಾಗಿ ಈ ಎರಡರ ನಡುವೆ ಸದ್ದು ಬದಲಾಗಬೇಕು. ನಮ್ಮದು ಬದಲಾಗಲಿಲ್ಲ. ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿದ್ರೂ ಅಷ್ಟೇ ಇತ್ತು. (ಎಂಜಿನ್ ಆಫ್ ಮಾಡಬೇಡಿ. ಇಳಿಜಾರಿನಲ್ಲಿ ಇದನ್ನು ಮಾಡಲೇಬೇಡಿ.) ಡಾಂಬರು ಬಿಟ್ಟು ಕಾಂಕ್ರೀಟಿಗೆ ಬಂದಾಗಲೂ ಅದೇ ಸದ್ದು, ಹಾಗಾಗಿ ಟೈರು ಬಹುತೇಕ ಹೊರಗೆ. ಆಮೇಲೆ ನಿಧಾನಕ್ಕೆ ಬಲಕ್ಕೆ ತಿರುಗಿಸಿದ್ರು. ಕಾರಿನ ಭಾರ ಎಡಗಡೆ ಚಕ್ರಗಳ ಮೇಲೆ ವಾಲ್ತು, ಗರಗರ ಜೋರಾಯ್ತು. ಎಡಕ್ಕೆ ತಿರುಗಿಸಿದ್ರು, ಕಮ್ಮಿಯಾಯ್ತು. ನಾವು ನಾಲ್ವರೂ ಒಟ್ಟಿಗೆ "ಎಡ!" ಅಂದೆವು. ಅಲ್ಲಿಗೆ ಕ್ರೌನ್ ಸೆಟ್ಟಿನ ದುಡ್ಡು ಉಳೀತು.

ಆದ್ರೆ ಅಣ್ಣನಿಗೆ ಖುಷಿ ಆಗಲಿಲ್ಲ. ಬ್ರೇಕ್ ಒತ್ತಿ ನೋಡಿ ಕೇಳಿದ್ರು: "ಎರಡೂ ಕಡೆ ಕಿರ್ ಅಂತಿತ್ತು ಅಂದ್ರಲ್ಲ, ಎಡಗಡೆದು ಯಾಕೆ ನಿಂತ್ತು?"

"ನಾವು ಅಡ್ಜಸ್ಟ್ ಮಾಡಿದ್ವಿ ಅಣ್ಣ."

"ಬಲಗಡೆನೂ ಮಾಡಿದ್ರಲ್ಲ. ಅದ್ಯಾಕೆ ನಿಂತಿಲ್ಲ?"

ನಮ್ಮ ಹತ್ರ ಉತ್ತರ ಇರಲಿಲ್ಲ.

ಜಾಕಿ ಹಾಕಿದ ಮೇಲೆ

ಮನೇಲಿ ಇದನ್ನು ಮಾಡೋರಿಗೆ ಒಂದು ಮಾತು. ಈ ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನೇ. ಅವುಗಳನ್ನು ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿದ್ರೂ ಒಂದೇ, ಬಿಟ್ಟರೂ ಒಂದೇ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡೆ ಕೊಡಿ. ಜಾಕಿ ಎತ್ತೋಕೆ ಮಾತ್ರ, ನಿಲ್ಲಿಸೋಕೆ ಸ್ಟ್ಯಾಂಡು. ಇಟ್ಟಿಗೆ, ಹಾಲೋಬ್ಲಾಕ್ ಬೇಡ, ಅವು ಹೇಳದೆ ಕೇಳದೆ ಒಡೀತವೆ. ಚಕ್ರ ಗಾಳಿಯಲ್ಲಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಸದ್ದು ಕೇಳೋ ಸಾಹಸವೂ ಬೇಡ.

ಹಿಂದಿನ ಎರಡೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆವು. ಅಷ್ಟು ನಿಧಾನದ ಸುತ್ತಿನಲ್ಲಿ ಗರಗರ ನಮಗೆ ಕೇಳಿಸಲೇ ಇಲ್ಲ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಎಡಗಡೆ ಒಂಚೂರು ಆಟ ಇದೆಯೋ ಇಲ್ಲವೋ ಅನ್ನೋ ಹಾಗೆ. ಆಗ ತಾತ ಕುರ್ಚಿಯಿಂದ ಎದ್ದು ಬಂದ್ರು. ಮೊಮ್ಮಗನಿಗೆ ಚಕ್ರ ತಿರುಗಿಸೋಕೆ ಹೇಳಿ, ತಾವು ಕೂತು ಹೌಸಿಂಗಿನ ಹತ್ತಿರ ಲೀಫ್ ಸ್ಪ್ರಿಂಗಿನ ಮೇಲೆ ಅಂಗೈ ಇಟ್ರು. ಮೊದಲು ಬಲಗಡೆ. ಆಮೇಲೆ ಎಡಗಡೆ. ಒಂದೈದು ಸುತ್ತು ಸುಮ್ಮನಿದ್ದು, "ಇದರೊಳಗೆ ಮರಳು ಇದೆ" ಅಂದ್ರು.

ನಾವೂ ಒಬ್ಬೊಬ್ಬರಾಗಿ ಕೈ ಇಟ್ಟೆವು. ಹೌದು. ಬಲಗಡೆ ಬೆಣ್ಣೆ. ಎಡಗಡೆ, ತೆಳು ಬಟ್ಟೆಯ ಕೆಳಗೆ ರವೆ ಹರಡಿ ಅದರ ಮೇಲೆ ಬೆರಳು ಆಡಿಸಿದ ಹಾಗೆ. ಗೇರು, ಬೇರಿಂಗುಗಳ ಕಂಪನ ಕಬ್ಬಿಣದಲ್ಲಿ ಸಾಗಿ ಬರುತ್ತೆ, ಗಾಳಿಗೆ ಇಳಿಯುವಾಗ ಬಹುಪಾಲು ಕಳೆದುಹೋಗುತ್ತೆ. ಕಿವಿ ಹೋದವರು ಮೊದಲು ಹಿಡಿದ್ರು, ಕಿವಿ ಇದ್ದ ನಾವು ಆಮೇಲೆ.

ಡ್ರಮ್ ಬಿಚ್ಚುವಾಗ ಎಲ್ಲರಿಗೂ ಮಾಸ್ಕ್. ಹಳೇ ಲೈನರ್‌ಗಳಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ತರಬಲ್ಲದು. ಏರ್ ಹೊಡೆದು ಧೂಳು ಹಾರಿಸೋದು, ಬಾಯಲ್ಲಿ ಊದೋದು ಎರಡೂ ತಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಹಾಕಬೇಕು.

ಬಲಗಡೆ ಡ್ರಮ್ ಒಳಗೆ ನಿರೀಕ್ಷೆ ಮಾಡಿದ್ದೇ ಇತ್ತು: ತುಕ್ಕು, ಧೂಳು, ಗಾಜಿನಂತೆ ಹೊಳೆಯೋ ಲೈನರ್. ಅದಕ್ಕೇ ಕಿರ್ ಅಂತಿತ್ತು. ಲೈನರ್ ಹಿಡಿದು, ಜಾರಿ, ಮತ್ತೆ ಹಿಡಿದು ಜಾರುವಾಗ ಇಡೀ ಡ್ರಮ್ಮು ತಟ್ಟೆಯ ಹಾಗೆ ಅದುರುತ್ತೆ.

ಎಡಗಡೆ ಡ್ರಮ್ ಎಳೆದಾಗ ಒಳಗೆಲ್ಲ ಕಪ್ಪಗೆ, ಹಸಿಹಸಿ. ಅಣ್ಣ ಬೆರಳಲ್ಲಿ ಮುಟ್ಟಿ ಮೂಸಿ ನಮ್ಮ ಮೂಗಿಗೂ ಹಿಡಿದ್ರು. ಗಂಧಕದ ಆ ಕಟುವಾಸನೆ ಇ.ಪಿ. ಗೇರ್ ಆಯಿಲಿನದು. ಬ್ರೇಕ್ ಆಯಿಲ್ ಆಗಿದ್ರೆ ಈ ವಾಸನೆ ಇರ್ತಿರಲಿಲ್ಲ, ಆಗ ವೀಲ್ ಸಿಲಿಂಡರನ್ನು ಅನುಮಾನಿಸಬೇಕಿತ್ತು. ಎಡಗಡೆ ಲೈನರ್ ಎರಡೂ ಎಣ್ಣೆ ಕುಡಿದು ಕೂತಿದ್ದವು. ಎಣ್ಣೆ ಬಿದ್ದ ಮೇಲೆ ಹಿಡಿದು ಜಾರೋ ಮಾತೇ ಇಲ್ಲ, ಬರೀ ಜಾರೋದು. ಕಿರ್ ನಿಂತಿದ್ದು ಅದಕ್ಕೆ. ನಾವು ಕೈ ತಟ್ಟಿಕೊಂಡ ದಿನ ಆ ಚಕ್ರದ ಬ್ರೇಕ್ ಹೆಚ್ಚೂಕಡಿಮೆ ಸತ್ತಿತ್ತು.

ಮುಂದಿನ ಭಾನುವಾರ ಶಿರಾಡಿ ಇಳಿಯೋದು ಅಂತ ನಿಗದಿಯಾಗಿತ್ತು. ತಾತ ಮುಂದಿನ ಸೀಟು, ನಾವು ಮೂವರು ಹಿಂದೆ. ಒಂದು ಹಿಂದಿನ ಚಕ್ರ ಹಿಡಿದು ಇನ್ನೊಂದು ಹಿಡಿಯದಿದ್ರೆ, ಮಳೆ ಬಿದ್ದ ತಿರುವಿನಲ್ಲಿ ಒತ್ತಿ ಬ್ರೇಕ್ ಹಾಕಿದಾಗ ಕಾರಿನ ಹಿಂಭಾಗ ಯಾವ ಕಡೆ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎಣ್ಣೆ ಯಾಕೆ ಬಂತು

ಸೀಲ್ ಹೋಗಿದೆ, ಬದಲಾಯಿಸಿ ಮುಗಿಸೋಣ ಅಂತ ನಾವು ಅಂದ್ಕೊಂಡ್ವಿ. ಅಣ್ಣ ಹೌಸಿಂಗಿನ ಮೇಲ್ಭಾಗದಲ್ಲಿ ಒಂದು ಸಣ್ಣ ಮೂತಿ ತೋರಿಸಿದ್ರು. ಬ್ರೀದರ್, ಹೌಸಿಂಗು ಉಸಿರಾಡೋ ತೂತು. ಒಣಗಿದ ಕೆಸರು ತುಂಬಿ ಅದು ಕಲ್ಲಾಗಿತ್ತು.

ಇದನ್ನು ಮಾತ್ರ ನಾವು ಮೊದಲ ವರ್ಷದ ಭೌತಶಾಸ್ತ್ರದಲ್ಲೇ ಬಿಡಿಸಬಹುದಿತ್ತು. ಬೆಳಿಗ್ಗೆ ಹೌಸಿಂಗಿನ ಒಳಗಿನ ಗಾಳಿ 30 ಡಿಗ್ರಿ, ಅಂದ್ರೆ 303 ಕೆಲ್ವಿನ್. ಓಡಿ ಓಡಿ 80 ಡಿಗ್ರಿ ಆಯ್ತು ಅಂದ್ಕೊಳ್ಳಿ, 353 ಕೆಲ್ವಿನ್. ತೂತು ಮುಚ್ಚಿದ್ರೆ ಒತ್ತಡ 353 ಭಾಗಿಸು 303, ಸುಮಾರು 1.16 ಪಟ್ಟು. ಹೊರಗಿನ ವಾತಾವರಣಕ್ಕಿಂತ ಶೇಕಡಾ 16ರಷ್ಟು ಜಾಸ್ತಿ. ಆ ಒತ್ತಡ ಎಣ್ಣೆಯನ್ನು ತಳ್ಳೋದು ಅತ್ಯಂತ ದುರ್ಬಲ ಜಾಗದ ಕಡೆ, ಮೂರು ವರ್ಷ ನಿಂತು ತುಟಿ ಗಡುಸಾದ ಸೀಲಿನ ಕಡೆ. ಬ್ರೀದರ್ ಬಿಡಿಸದೆ ಹೊಸ ಸೀಲ್ ಹಾಕಿದ್ರೆ ಅದೂ ಸ್ವಲ್ಪ ದಿನಕ್ಕೆ ಸೋರುತ್ತೆ, ಆಮೇಲೆ "ಸೀಲ್ ಕ್ವಾಲಿಟಿ ಸರಿಯಿಲ್ಲ" ಅಂತ ಅಂಗಡಿಯವರನ್ನು ಬೈತಿದ್ದೆವು.

ಶಾಫ್ಟು, ಹಬ್ಬು ಬಿಚ್ಚಿ ಬೇರಿಂಗ್ ತೆಗೆಯೋ ಕೆಲಸ ಪುಲ್ಲರ್ ಇರೋ ಅಣ್ಣನದ್ದೇ, ನಾವು ಟಾರ್ಚ್ ಹಿಡಿದೆವು. ಹಳೇ ಬೇರಿಂಗ್ ತೊಳೆದು ನೋಡಿದಾಗ ರೇಸಿನ ಒಂದೇ ಭಾಗದಲ್ಲಿ ಸಾಲಾಗಿ ಕಂದು ಚುಕ್ಕೆಗಳು, ಅವುಗಳ ನಡುವಿನ ದೂರ ಬಾಲುಗಳ ನಡುವಿನಷ್ಟೇ. ಕಾರು ನಿಂತಲ್ಲೇ ನಿಂತಾಗ ಬಾಲು ತಾಗಿದ ಜಾಗಗಳಲ್ಲಿ ತೇವ ಕೂತು ತುಕ್ಕು ತಿಂದಿತ್ತು. ತಾತ ಹೇಳಿದ ಮರಳು ಅದೇ.

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕೋಣ್ವಾ ಅಂತ ನಮ್ಮಲ್ಲೊಬ್ಬ ಕೇಳಿ ಚೆನ್ನಾಗಿ ಬೈಸಿಕೊಂಡ. ಮೇಲೆ ಒಣಗಿದ ಹಾಗೆ ಕಂಡ್ರೂ ಬ್ರೇಕ್ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಕೆಟ್ಟಿದ್ದು ಒಂದೇ ಕಡೆ ಆದ್ರೂ ಎರಡೂ ಕಡೆಗೆ ಹೊಸ ಲೈನರ್ ಹಾಕಬೇಕು, ಇಲ್ಲಾಂದ್ರೆ ಎಡಬಲ ಹಿಡಿತ ಸಮ ಇರಲ್ಲ. ಎರಡೂ ಡ್ರಮ್ ಲೇತಿನಲ್ಲಿ ತೆಳುವಾಗಿ ಹೊಡೆಸಿದೆವು. ಶೂ ಜಾರೋ ಬ್ಯಾಕ್‌ಪ್ಲೇಟಿನ ಜಾಗಗಳಿಗೆ ಉಗುರು ತುದಿಯಷ್ಟು ಬಿಸಿ ತಡೆಯೋ ಗ್ರೀಸು. ಹೊಸ ಬೇರಿಂಗು, ಹೊಸ ಸೀಲು, ತಂತಿ ಹಾಕಿ ಬಿಡಿಸಿದ ಬ್ರೀದರು, ಹೊಸ ಇ.ಪಿ. 90 ಆಯಿಲ್. ಕ್ರೌನ್ ಸೆಟ್ಟಿಗೆ ಕೇಳಿದ್ದ ಮೊತ್ತದ ಕಾಲು ಭಾಗವೂ ಆಗಲಿಲ್ಲ.

ಮತ್ತೆ ಅದೇ ರಸ್ತೆ, ಅದೇ 40ರ ವೇಗ, ಅದೇ ಎರಡು ತಿರುವು. ಗರಗರ ಇಲ್ಲ. ಖಾಲಿ ಜಾಗದಲ್ಲಿ ಹತ್ತು ಸಲ ಬ್ರೇಕ್ ಹಾಕಿ ನಿಲ್ಲಿಸಿ, ಎರಡೂ ಡ್ರಮ್ಮಿನ ಮೇಲೆ ಒಂದೊಂದು ಹನಿ ನೀರು ಬಿಟ್ಟೆವು. ಎರಡೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಆರಿದವು. ಎಡಬಲ ಸಮ ಬಿಸಿ ಅಂದ್ರೆ ಸಮ ಕೆಲಸ ಮಾಡ್ತಿವೆ ಅಂತ ಅಂದಾಜು.

ಕ್ಲಚ್ ಬಿಟ್ಟಾಗ ಒಂದು ಸಣ್ಣ 'ಟಕ್' ಮಾತ್ರ ಇನ್ನೂ ಇದೆ. ಮೊದಲು ಗರಗರದ ಕೆಳಗೆ ಮುಚ್ಚಿಹೋಗಿತ್ತು, ಈಗ ಕೇಳಿಸ್ತಿದೆ. ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಕ್ರಾಸ್ ಇರಬೇಕು ಅಂತ ಮೂವರ ಅಭಿಪ್ರಾಯ. ಅಣ್ಣ ಯು-ಬೋಲ್ಟ್ ಅಂತಾರೆ. ತಾತನನ್ನು ಕೇಳಿದ್ರೆ, ಕಾರಿನ ಕೆಳಗೆ ಕೈ ಹಾಕೋಕೆ ಆಗೋ ಹಾಗೆ ಎತ್ತಿ ನಿಲ್ಲಿಸಿ, ಆಮೇಲೆ ಹೇಳ್ತೀನಿ ಅಂದಿದ್ದಾರೆ. ಇಂಟರ್ನಲ್ಸ್ ಮುಗಿದ ವಾರ ಹೋಗ್ತೀವಿ. ಧರ್ಮಸ್ಥಳ ಅದು ಸರಿಯಾದ ಮೇಲೆ.